ಕೌದಿ ಹಿಡಿದ ಕೈ

ಮೊನ್ನೆ ಬಿಸಿಲು ಚೆನ್ನಾಗಿದೆಯೆಂದು ನಮ್ಮ ಸೊಸೆ ಸುಜಾತಾ ಅಟ್ಟದ ಮೇಲಿನ ಹಾಸಿಗೆ ಹೊದಿಕೆಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಗುಡ್ಡೆ ಹಾಕಿದಳು. ನಿವೃತ್ತನಾದ ಮಾಸ್ತರನಿಗೆ ಮನೆಯಲ್ಲಿ ಸಿಗುವ ಕೆಲಸಗಳು ಎಂಥವೆಂದು ನಿಮಗೆ ಗೊತ್ತೇ ಇದೆ. ಒಂದು ಹಳೆಯ ಕೌದಿಯನ್ನು ನನ್ನ ಕೈಗೆ ಕೊಟ್ಟು, "ಮಾವಾರ, ಇದನ್ನ ಸ್ವಲ್ಪ ಎತ್ತಿ ಹಿಡೀರಿ, ನಾ ಈ ಕಡಿಯಿಂದ ಕೋಲಿಲೆ ಧೂಳಾ ಬಡೀತೀನಿ" ಎಂದಳು. ಹಿಡಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿಯ ಭಾರ ಎಷ್ಟಿರುತ್ತದೆಂದು ಹೊದ್ದುಕೊಂಡವರಿಗೆ ತಿಳಿಯುವುದಿಲ್ಲ, ಎತ್ತಿ ಹಿಡಿದವರಿಗೆ ತಿಳಿಯುತ್ತದೆ. ಸುಜಾತಾ ಆ ಕಡೆಯಿಂದ ಧಪಧಪ ಬಡಿಯುತ್ತಿದ್ದಳು. ಈ ಕಡೆ ನನ್ನ ಕಣ್ಣ ಮುಂದೆ ಬರೀ ಹೊಲಿಗೆಯ ಸಾಲು. ಸ್ವಲ್ಪ ಹೊತ್ತಿಗೆ ತೋಳು ನೋಯತೊಡಗಿ, ನನಗೇ ಗೊತ್ತಿಲ್ಲದಂತೆ ಬಾಯಿಂದ ಒಂದು ಮಾತು ಬಂತು: "ಆತೇನು?"

ಹಾಗೆಂದವನು ಅಲ್ಲೇ ನಿಂತುಬಿಟ್ಟೆ. ಅದು ನನ್ನ ಮಾತಲ್ಲ. ಆ ಮಾತನ್ನು ಅದೇ ಕೌದಿಯ ಹಿಂದಿನಿಂದ ಎಷ್ಟೋ ಬೆಳಗು ಕೇಳಿದ್ದೆ. ನಾನಾಗ ಕೌದಿಯ ಮುಂದೆ ಇದ್ದೆ.

"ಇದರ ಮ್ಯಾಲಿನ ಅಂಚು ಎರಡೂ ಕಡಿ ಸವದ ಹೋಗೇತ್ರಿ. ಇಲಿ ಕಡದಾವೇನೋ. ತಿಪ್ಪಿಗೆ ಒಗದ ಬಿಡೂಣೇನ್ರಿ?" ಎಂದು ಸುಜಾತಾ ಕೇಳಿದಳು.

"ಇಲಿ ಅಲ್ಲವ್ವಾ. ಕೈ ಹಿಡದ ಹಿಡದ ಸವದೈತಿ. ಒಗೀಬ್ಯಾಡ" ಎಂದೆ. ಅವಳು ಕೌದಿಯನ್ನು ಮಡಚಿ ಒಳಗೆ ಒಯ್ದಳು. ಅವಳಿಗೆ ಹೇಳದೆ ಉಳಿಸಿದ್ದನ್ನು ನಿಮಗೆ ಹೇಳುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ಸೋದರಮಾವ ಲಷ್ಕರದಿಂದ ಬಿಡುಗಡೆಯಾಗಿ ಬಂದ. ಬರುವಾಗ ಒಂದು ಕರಿ ಟ್ರಂಕು, ಹೊತ್ತು ಹೊತ್ತಿಗೆ ಚಹಾ ಕುಡಿಯುವ ಚಟ ಮತ್ತು ಒಂದು ಡಬ್ಬಿ ಕ್ಯಾಮೆರಾ ತಂದಿದ್ದ. ಚಹಾದ ಚಟ ಮನೆಮಂದಿಗೆಲ್ಲ ಹತ್ತಿತು, ಟ್ರಂಕು ನನ್ನ ತಾಯಿಯ ಪಾಲಾಯಿತು. ಕ್ಯಾಮೆರಾ ಮಾತ್ರ ಜೋಳದ ಚೀಲಗಳ ಹಿಂದೆ ವರ್ಷಾನುಗಟ್ಟಲೆ ಬಿದ್ದಿತ್ತು. ನಾನು ಟ್ರೇನಿಂಗ್ ಮುಗಿಸಿ ನಮ್ಮ ಊರು ಘೋಡಗೇರಿಯಲ್ಲೇ ಸಾಲೆಯ ಮಾಸ್ತರನಾದಾಗ, "ತಗೋ, ನೀನೀಗ ಪಗಾರದಂವ ಆದಿ. ಇದರ ಹೊಟ್ಟಿ ನೀನ ತುಂಬಸು" ಎಂದು ಮಾವ ಅದನ್ನು ನನ್ನ ಕೈಗಿಟ್ಟ. ಅದರ ಹೊಟ್ಟೆಗೆ ಬೇಕಾದದ್ದು ರೀಲು. ಒಂದು ರೀಲಿಗೆ ಎಂಟು ಫೋಟೊ.

ಆ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ, ಮೇಲ್ಗಡೆಯ ಬೆಂಕಿಪೆಟ್ಟಿಗೆಯಷ್ಟು ಗಾಜಿನೊಳಗೆ ನೋಡಬೇಕು. ಅದರಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ದೂರದಿಂದ ನೋಡುವವರಿಗೆ ನಾನು ನನ್ನ ಹೊಟ್ಟೆಯನ್ನೇ ಧ್ಯಾನಿಸುತ್ತ ನಿಂತಂತೆ ಕಾಣುತ್ತಿತ್ತು. ಹುಕ್ಕೇರಿ ಸಂತೆಯಲ್ಲಿ ಒಬ್ಬಾಕೆ, "ಮಾಸ್ತರಿಗೆ ಹೊಟ್ಟಿ ನೋಯಾಕತ್ತೈತೇನು, ಒಂದೀಟ ನೀರ ಕೊಡ್ರಿ" ಎಂದು ನಿಜವಾಗಿಯೂ ತಂಬಿಗೆ ಹಿಡಿದು ಬಂದಿದ್ದಳು. ಅವತ್ತು ನಾನು ತೆಗೆಯುತ್ತಿದ್ದದ್ದು ಮೆಣಸಿನಕಾಯಿ ರಾಶಿ. ಸಂತೆಯ ಆ ಕೆಂಪು ನೋಡಿ ಮರುಳಾಗಿದ್ದೆ. ಫೋಟೊ ಬಂದ ಮೇಲೆ ನೋಡಿದರೆ ಇದ್ದಿಲ ರಾಶಿ! ಬಣ್ಣವಿಲ್ಲದ ರೀಲಿನಲ್ಲಿ ಬಣ್ಣ ಬರುವುದಿಲ್ಲವೆಂಬುದು ನಾಲ್ಕನೆಯ ಇಯತ್ತೆಯ ಹುಡುಗರಿಗೂ ಹೊಳೆಯುತ್ತಿತ್ತು, ಅವರ ಮಾಸ್ತರನಿಗೆ ಹೊಳೆದಿರಲಿಲ್ಲ.

ನಾನು ಒಂದು ನೇಮ ಮಾಡಿಕೊಂಡಿದ್ದೆ. ದಿನಕ್ಕೊಂದು ಫೋಟೊ. ಒಂದೇ. ಒಂದು ದಿನವೂ ತಪ್ಪಿಸಬಾರದು, ಒಂದು ದಿನವೂ ಎರಡಾಗಬಾರದು. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲಿ ಓದಿದ್ದೂ ಅಲ್ಲ. ಹೊಸ ಮಾಸ್ತರನಿಗೆ ಶಿಸ್ತಿನ ಹುಚ್ಚು. ಒಂದು ವಹಿಯ ಮೇಲೆ ದಪ್ಪಕ್ಷರದಲ್ಲಿ 'ದಿನಕ್ಕೊಂದು' ಎಂದು ಬರೆದು, ಅದರಲ್ಲಿ ತಾರೀಖು ಹಾಕಿ ಅವತ್ತು ತೆಗೆದದ್ದನ್ನು ಬರೆಯುತ್ತಿದ್ದೆ. 'ಬೇವಿನ ಗಿಡ.' 'ಬೇವಿನ ಗಿಡ, ಬಾಜೂದಿಂದ.' 'ಅದೇ ಬೇವಿನ ಗಿಡ, ಕೆಳಗೆ ಮೇಕೆ.' ಮೂರು ದಿನ ಸಾಲಾಗಿ ಹೀಗಿದ್ದದ್ದೂ ಉಂಟು. ರವಿವಾರ ಬಂದರೆ ಸೈಕಲ್ ಹತ್ತಿ ನಿಡಸೋಸಿಗೋ ಮೂಡಲಗಿಗೋ ಹೊರಡುತ್ತಿದ್ದೆ. ಎಲ್ಲಿಗೆ ಹೋದರೂ ಒಂದೇ ಸಲ ಟಿಕ್ ಅನ್ನಿಸಿ ಡಬ್ಬಿಯನ್ನು ಚೀಲಕ್ಕೆ ಹಾಕಿಬಿಡುವುದು. ಆಮೇಲೆ ಆನೆ ಬಂದರೂ ತೆಗೆಯುವುದಿಲ್ಲ ಎಂದು ಹುಡುಗರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದೆ. ಮೂಡಲಗಿಯ ಹಾದಿಯಲ್ಲಿ ಒಮ್ಮೆ ಖರೆಯೇ ಆನೆ ಬಂತು, ಯಾವುದೋ ಸರ್ಕಸ್ಸಿನದು. ತೆಗೆಯಲಿಲ್ಲ. ಅವತ್ತಿನದು ಒಂದು ಮೈಲುಗಲ್ಲಿಗೆ ಸಂದುಹೋಗಿತ್ತು.

ನಗಬೇಡಿ. ಆನೆಯ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಊರಲ್ಲಿ ಕ್ಯಾಮೆರಾ ಇದ್ದವನು ನಾನೊಬ್ಬನೇ ಆದ್ದರಿಂದ ಮಂದಿ ಮನೆಗೆ ಬರತೊಡಗಿದರು. ಹೊಸದಾಗಿ ಮದುವೆಯಾದವರು, ವರನ ಕಡೆಗೆ ಹುಡುಗಿಯ ಫೋಟೊ ಕಳಿಸಬೇಕಾದವರು, ಹಲ್ಲು ಹೋಗುವ ಮೊದಲೊಮ್ಮೆ ತೆಗೆಸಿಕೊಳ್ಳಬೇಕೆಂಬ ಮುದುಕರು. ದಿನಕ್ಕೊಂದೇ ಆದ್ದರಿಂದ ಪಾಳಿ ಹಚ್ಚಿದ್ದೆ. ಡಬ್ಬಿ ಕ್ಯಾಮೆರಾಕ್ಕೆ ನಿಚ್ಚಳ ಬಿಸಿಲು ಬೇಕು. ಸಾಲೆಗೆ ಹೋಗುವ ಮೊದಲು, ಬೆಳಗಿನ ಬಿಸಿಲು ನೇರವಾಗಿ ಬೀಳುತ್ತಿದ್ದದ್ದು ನಮ್ಮ ದನದ ಕೊಟ್ಟಿಗೆಯ ಗೋಡೆಗೆ ಮಾತ್ರ. ಆ ಗೋಡೆಯ ತುಂಬ ಸಗಣಿಯ ಕುಳ್ಳು ತಟ್ಟಿರುತ್ತಿತ್ತು. ಒಲೆಗೆ ಕುಳ್ಳು ಬೇಕು, ಕುಳ್ಳಿಗೆ ಬಿಸಿಲು ಬೇಕು, ಫೋಟೊಕ್ಕೂ ಬಿಸಿಲು ಬೇಕು. ಆದರೆ ರೇಷ್ಮೆ ರುಮಾಲು ಸುತ್ತಿಕೊಂಡು ಬಂದವರು ಸಗಣಿಯ ಮುಂದೆ ನಿಲ್ಲಲು ಒಪ್ಪುತ್ತಾರೆಯೇ? ಹಿಂದೆ ಒಂದು ಪರದೆ ಬೇಕಾಯಿತು, ಪರದೆ ಹಿಡಿಯುವವರೂ ಬೇಕಾದರು.

ಹಿಡಿದವಳು ನೀಲವ್ವತ್ತಿ. ನನ್ನ ತಂದೆಯ ಅಕ್ಕ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮತ್ತೆಲ್ಲಿಗೂ ಹೋಗಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು, ನನ್ನ ಜ್ವರಕ್ಕೆ ಎದ್ದು ಕೂತವಳು, ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಹೋದಾಗ ರೊಟ್ಟಿ ಬುತ್ತಿಯ ಜೊತೆ ಹಣೆಗೆ ಹಚ್ಚಲು ವಿಭೂತಿ ಕಟ್ಟಿಕೊಟ್ಟವಳು. ಆ ಕುಳ್ಳು ತಟ್ಟುತ್ತಿದ್ದವಳೂ ಅವಳೇ. ಬೆಳಗ್ಗೆ ತಟ್ಟಿದ ಕುಳ್ಳನ್ನು ಅವಳೇ ಪರದೆ ಹಿಡಿದು ಮುಚ್ಚುತ್ತಿದ್ದಳು.

ಮೊದಲು ಧೋತರ ಹಿಡಿಯುತ್ತಿದ್ದಳು. ಒಂದು ದಿನ ಊರ ಗೌಡರು ಬಂದು ಕುರ್ಚಿಯ ಮೇಲೆ ಮೀಸೆ ತಿರುವಿ ಕೂತರು. ಗಾಳಿ ಬಂತು, ನಾನು ನೋಡಲಿಲ್ಲ. ಫೋಟೊ ಬಂದಾಗ ಧೋತರ ಅತ್ತಿಯ ಮೋರೆಗೆ ಅಂಟಿಕೊಂಡು, ಗೌಡರ ಹೆಗಲ ಮೇಲೆ ಮೂಗು, ಗದ್ದ, ಕಣ್ಣಿನ ಕುಳಿ ಎಲ್ಲ ಇರುವ ಒಂದು ಬಿಳಿ ದೆವ್ವ ಮೂಡಿತ್ತು. ಗೌಡರು ಆ ಫೋಟೊ ಹರಿದು ಒಲೆಗೆ ಹಾಕಿಸಿ, ಮೂರು ದಿನ ನನ್ನನ್ನು ಮಾತಾಡಿಸಲಿಲ್ಲ. ಅತ್ತಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ನಾನು ಅದರ ಕಾಪಿಯನ್ನೂ ಇಟ್ಟುಕೊಳ್ಳಲಿಲ್ಲ, ಕೆಟ್ಟ ಫೋಟೊವೆಂದು ಅದರ ಮೂಲ ನೆಗೆಟಿವನ್ನೂ ಎಸೆದುಬಿಟ್ಟೆ. ಅವಳ ಮುಖಕ್ಕೆ ನನ್ನ ಕ್ಯಾಮೆರಾ ಅಷ್ಟು ಹತ್ತಿರ ಹೋದದ್ದು ಅದೊಂದೇ ಸಲ ಎಂದು ಆಗ ನನಗೇನು ಗೊತ್ತು?

ಧೋತರದ ನಂತರ ಕೌದಿ ಬಂತು. ಅದು ದಪ್ಪ, ಗಾಳಿಗೆ ಅಲುಗುವುದಿಲ್ಲ. ಅದರ ಹಿಂಭಾಗ ಒಂದೇ ಕಪ್ಪು ಬಣ್ಣದ್ದು, ಫೋಟೊಕ್ಕೆ ಹೇಳಿ ಮಾಡಿಸಿದಂತಿತ್ತು. ಒಮ್ಮೆ ಗೋಡೆಗೆ ಗೂಟ ಬಡಿದು ಅದನ್ನು ನೇತು ಹಾಕಿಯೂ ನೋಡಿದೆ. ಮಣ್ಣಿನ ಗೋಡೆ. ನಮ್ಮ ಹೆಡ್ ಮಾಸ್ತರರು ಉಸಿರು ಬಿಗಿಹಿಡಿದು ಕೂತಿದ್ದಾಗ ಗೂಟ, ಕೌದಿ, ಎರಡು ಕುಳ್ಳು ಮತ್ತು ಒಂದು ಬೊಗಸೆ ಮಣ್ಣು ಅವರ ಬಿಳಿ ಟೊಪ್ಪಿಗೆಯ ಮೇಲೆ ಬಿದ್ದವು. ಅಂದಿನಿಂದ ಕೌದಿ ಹಿಡಿಯುವ ಕೆಲಸ ಅತ್ತಿಗೆ ಕಾಯಂ ಆಯಿತು.

ಅವಳು ಗಿಡ್ಡ ಹೆಂಗಸು. ಕಲ್ಲಿನ ಮೇಲೆ ನಿಂತು, ಎರಡೂ ಕೈ ತಲೆಯ ಮೇಲೆತ್ತಿ ಹಿಡಿಯುತ್ತಿದ್ದಳು. ಈ ಕಡೆ ನಾನು ಹೊಟ್ಟೆ ನೋಡುತ್ತ, "ಗದ್ದ ಸ್ವಲ್ಪ ಮ್ಯಾಲೆ, ಕಣ್ಣ ಪಿಳಕಿಸಬ್ಯಾಡ್ರಿ" ಎಂದು ಹೇಳುತ್ತ ಹೊತ್ತು ಕಳೆಯುತ್ತಿದ್ದೆ. ಆ ಕಡೆಯಿಂದ ಅವಳ ದನಿ ಬರುತ್ತಿತ್ತು.

"ಆತೇನೋ ತಮ್ಮಾ?"

"ಇನ್ನೂ ಇಲ್ಲತ್ತಿ. ಅಲಗಬ್ಯಾಡ."

"ನಾ ಎಲ್ಲಿ ಅಲಗಾಕತ್ತೇನಿ? ಕೌದೀನ ಅಲಗಾಕತ್ತೈತಿ."

ಕೂತವರು ನಕ್ಕುಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಫೋಟೊದಲ್ಲಿ ನಗುವುದು ಅಗೌರವ ಎಂದು ನಾವೆಲ್ಲ ನಂಬಿದ್ದ ಕಾಲ ಅದು. ಮತ್ತೆ ಎಲ್ಲರೂ ಗಂಭೀರವಾಗುವವರೆಗೆ ಕಾಯಬೇಕು, ಅಲ್ಲಿಯವರೆಗೆ ಅವಳು ಕೈ ಇಳಿಸುವಂತಿಲ್ಲ.

ಇನ್ನೊಂದು ಮಾತು ಹೇಳಬೇಕು. ಮದುವೆ ಮುಂಜಿಯ ಫೋಟೊ ತೆಗೆಯುವಾಗ ಗಂಡ ಸತ್ತವಳು ಎದುರಿಗೆ ಸುಳಿಯಬಾರದೆಂಬ ರೂಢಿ ನಮ್ಮಲ್ಲಿ ಬಿಗಿಯಾಗಿಯೇ ಇತ್ತು. ಕೌದಿಯ ಹಿಂದೆ ಇದ್ದರೆ ಮಾತ್ರ ಯಾರದೂ ತಕರಾರಿರಲಿಲ್ಲ. ಹಾಗಾಗಿ ಊರಿನ ಎಷ್ಟೋ ಮದುಮಕ್ಕಳ ಬೆನ್ನ ಹಿಂದೆ, ಒಂದು ಗೇಣು ದೂರದಲ್ಲಿ, ನಮ್ಮ ಅತ್ತಿ ಉಸಿರಾಡುತ್ತ ನಿಂತಿದ್ದಳು.

ತಕರಾರು ಬಂದದ್ದು ಒಂದು ಸಲ. ನಮ್ಮ ಬಾಜೂ ಮನೆಯ ಹುಡುಗಿಯ ಫೋಟೊ ಮೂಡಲಗಿಯ ವರನ ಕಡೆಗೆ ಹೋಗಿತ್ತು. ಎಂಟು ದಿನಕ್ಕೆ ಹುಡುಗಿಯ ಅಪ್ಪ ಅದನ್ನು ವಾಪಸ್ಸು ಹಿಡಿದುಕೊಂಡು ಬಂದ.

"ಮಾಸ್ತರ, ಹುಡುಗಿ ಚಲೋ ಅದಾಳು ಅಂದಾರ. ಆದ್ರ ಹಿಂದ ಈ ಬಳಿ ಇಲ್ಲದ ಕೈ ಯಾರದು ಅಂತ ಕೇಳ್ಯಾರ್ರಿ. ಅಪಶಕುನ ಅಂತ ವರನ ಅವ್ವ ಫೋಟೊ ಮನ್ಯಾಗ ಇಟ್ಟಕೊಂಡಿಲ್ಲ."

ನೋಡಿದೆ. ಕೌದಿಯ ಮೇಲಂಚಿನಲ್ಲಿ ನಾಲ್ಕು ಬೆರಳು, ಅದರಾಚೆ ಬಳೆಯಿಲ್ಲದ ಬರಿಯ ಮಣಿಕಟ್ಟು. ಕ್ಯಾಮೆರಾದ ಪುಟ್ಟ ಗಾಜಿನಲ್ಲಿ ಅದು ನನಗೆ ಕಂಡೇ ಇರಲಿಲ್ಲ. ಅತ್ತಿ ಅಲ್ಲೇ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ತನ್ನ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸೆರಗಿಗೆ ಒರೆಸಿಕೊಂಡಳು. "ಇನ್ನೊಂದ ತಗಿಯೋ ತಮ್ಮಾ. ನಾ ಬೆರಳ ಮಡಚಿ, ತುದೀಲೆ ಹಿಡೀತೀನಿ" ಎಂದಳು. ಮರುದಿನ ತೆಗೆದೆ, ಲಗ್ನವೂ ಆಯಿತು.

ಅವಳು ಅಷ್ಟೇ ಅಂದಳು. ನಾನು ಮಾಡಿದ್ದೇನು ಗೊತ್ತೇ? ಗೋಕಾಕಿಗೆ ಹೋದಾಗ ಒಂದು ಒಳ್ಳೆಯ ಕತ್ತರಿ ತಂದೆ. ಬೆರಳ ತುದಿಯಲ್ಲಿ ಅಷ್ಟು ಭಾರದ ಕೌದಿ ನಿಲ್ಲುವುದಿಲ್ಲ, ಜಾರುತ್ತದೆ. ಜಾರಿದಾಗ ಅವಳು ಮತ್ತೆ ಗಟ್ಟಿಯಾಗಿ ಹಿಡಿಯಲೇಬೇಕು. ಪ್ರತಿ ಫೋಟೊದಲ್ಲೂ ಎಲ್ಲಾದರೂ ಒಂದೆರಡು ಬೆರಳು ಉಳಿಯುತ್ತಿತ್ತು. ರವಿವಾರ ಗೋಕಾಕಿನ ಸ್ಟುಡಿಯೊದಿಂದ ಫೋಟೊ ಬಂದ ಕೂಡಲೇ ಕಟ್ಟೆಯ ಮೇಲೆ ಕೂತು, ಪಟ್ಟಿ ಇಟ್ಟು ಗೆರೆ ಎಳೆದು, ಮೇಲಿನ ಅಂಚನ್ನು ನೀಟಾಗಿ ಕತ್ತರಿಸುತ್ತಿದ್ದೆ. ಅತ್ತಿ ಆ ಚೂರುಗಳನ್ನು ಕಸಬರಿಗೆಯಿಂದ ಗುಡಿಸಿ ಒಲೆಗೆ ಹಾಕುತ್ತಿದ್ದಳು. ಎಷ್ಟು ವರ್ಷ! ತನ್ನ ಬೆರಳುಗಳನ್ನು ತಾನೇ ಗುಡಿಸುತ್ತಿದ್ದಳು. ನನ್ನ ಗೆರೆ ಮಾತ್ರ ಒಂದು ದಿನವೂ ಒಂದು ಕೂದಲಷ್ಟೂ ಸೊಟ್ಟಗಾಗಲಿಲ್ಲ.

ಒಂದು ಶ್ರಾವಣದಲ್ಲಿ ನಾವೆಲ್ಲ ಗೋಕಾಕ ಫಾಲ್ಸಿಗೆ ಹೋದೆವು. ಆಗ ನನ್ನ ಮದುವೆಯಾಗಿ ವರ್ಷವಾಗಿತ್ತು. ಹೆಂಡತಿ ಕಮಲಾ ನೋಡಿರಲಿಲ್ಲ, ಅತ್ತಿಯಂತೂ ಅಷ್ಟು ಹತ್ತಿರದ ಊರಿನಲ್ಲಿ ಹುಟ್ಟಿ ಮುಪ್ಪಾಗುವವರೆಗೂ ನೋಡಿರಲಿಲ್ಲ. ಬುತ್ತಿ ಕಟ್ಟಿಕೊಂಡು ಮೋಟಾರು ಹತ್ತಿದೆವು. ಅರ್ಧ ದಾರಿಗೆ ಮೋಟಾರಿನ ಮೂಗಿನಿಂದ ಹಬೆ ಏಳತೊಡಗಿತು. ಡ್ರೈವರು ಕೊಡ ಹಿಡಿದು ನೀರು ಹುಡುಕಲು ಹೋದ. ಆ ಹಬೆಯ ಮೋಟಾರನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಟಿಕ್. ಅವತ್ತಿನದು ಮುಗಿಯಿತು.

ಫಾಲ್ಸಿಗೆ ಹೋದಾಗ ಹೊಳೆ ತುಂಬಿ ಕೆಂಪಗೆ ಧುಮುಕುತ್ತಿತ್ತು. ಆ ತೂಗು ಸೇತುವೆ ನಿಮಗೆ ಗೊತ್ತಿರಬೇಕು. ಕಾಲಿಟ್ಟರೆ ಸಾಕು, ಇಡೀ ಸೇತುವೆ ಅಲುಗುತ್ತದೆ. ಕಮಲಾ ನಾಲ್ಕು ಹೆಜ್ಜೆ ಇಟ್ಟು ವಾಪಸ್ಸು ಬಂದಳು. ಅತ್ತಿ ಎರಡೂ ಕಡೆಯ ತಂತಿ ಹಿಡಿದುಕೊಂಡು, ಯಾವ ದೇವರ ಹೆಸರನ್ನೋ ಗೊಣಗುತ್ತ ಹೊರಟವಳು ನಿಲ್ಲಲೇ ಇಲ್ಲ. ನಾನು ಹಿಂದಿನಿಂದ ಓಡಿದೆ. ಆ ತುದಿ ಮುಟ್ಟಿ ನನ್ನ ಕಡೆ ತಿರುಗಿದಾಗ ಅವಳ ತಲೆಯ ಮೇಲಿನ ಸೆರಗು ಗಾಳಿಗೆ ಹಾರಿ ಹೋಗಿತ್ತು. ಬಿಳಿಗೂದಲೆಲ್ಲ ಕೆದರಿತ್ತು. ಮುಖದ ಮೇಲೆ ತುಂತುರು. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ನಾನು ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಹಾಗಿದ್ದದ್ದನ್ನು ಮಾತ್ರ ಎಂದೂ ನೋಡಿರಲಿಲ್ಲ.

"ತಮ್ಮಾ, ಇಲ್ಲೇ ನಂದೊಂದು ತಗಿಯೋ" ಎಂದಳು. ನೀರಿನ ಸಪ್ಪಳಕ್ಕೆ ಕೂಗಿ ಹೇಳಬೇಕಿತ್ತು, ಕೂಗಿಯೇ ಹೇಳಿದಳು. "ಹಿಂದ ನೀರ ಐತಲ್ಲೋ. ಕೌದಿ ಹಿಡಿಯೂದ ಬೇಕಾಗಿಲ್ಲ!"

ರೀಲು ಮುಗಿದಿರಲಿಲ್ಲ. ಇನ್ನೂ ಮೂರು ಫೋಟೊ ಬಾಕಿ ಇದ್ದವು. ಬಿಸಿಲು ಇತ್ತು. ಕ್ಯಾಮೆರಾ ನನ್ನ ಹೆಗಲಲ್ಲೇ ಇತ್ತು. ಎಲ್ಲವೂ ಇತ್ತು.

"ಇವತ್ತಿಂದು ಆತಲ್ಲತ್ತಿ. ನಾಳೆ ಮುಂಜಾನೆ ಮನ್ಯಾಗ ತಗೀತೀನಿ" ಎಂದೆ.

ಅವಳು ಸೆರಗು ಎಳೆದು ತಲೆಯ ಮೇಲೆ ಹಾಕಿಕೊಂಡು, "ಹೌದಲ್ಲ. ಮೋಟಾರದ್ದು ತಗದಿ. ಆತ ಬಿಡು" ಎಂದಳು. ವಾಪಸ್ಸು ಬರುವಾಗ ತಂತಿ ಹಿಡಿದು ನಿಧಾನವಾಗಿ, ಕೆಳಗೆ ನೋಡುತ್ತ ಬಂದಳು. ಈ ದಡದಲ್ಲಿ ಕಮಲಾ ಎಲ್ಲ ಕಂಡಿದ್ದಳು. "ತಗೀಬೇಕಾಗಿತ್ರಿ ಒಂದ. ನಿಮ್ಮ ನೇಮಾ ಯಾರ ಪರೀಕ್ಷಾ ಮಾಡಾಕ ಬರ್ತಾರ?" ಎಂದಳು. ನಾನು ಅವಳಿಗೆ ಶಿಸ್ತಿನ ಮೇಲೆ ಒಂದು ಭಾಷಣ ಮಾಡಿದೆ. ಕರದಂಟು ಕೊಳ್ಳಲು ಗೋಕಾಕ ಪೇಟೆಗೆ ಹೋಗುವವರೆಗೂ ಆ ಭಾಷಣ ನಡೆದಿತ್ತು. ಹೀಗೆ ಉಪದೇಶ ಮಾಡುವ ಗಂಡಸರನ್ನು ಕಂಡರೆ ನನಗೀಗ ಮೈ ಉರಿಯುತ್ತದೆ.

ಮರುದಿನ ಬೆಳಗ್ಗೆ ಕ್ಯಾಮೆರಾ ಹಿಡಿದು ಅಂಗಳಕ್ಕೆ ಬಂದೆ. ಕೊಟ್ಟ ಮಾತು ತಪ್ಪಬಾರದಲ್ಲ! ಅತ್ತಿ ಸಗಣಿಯ ಕೈಯಲ್ಲಿ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು.

"ಬಾ ಅತ್ತಿ, ಕೈ ತೊಳಕೋ. ನಿಂದ ತಗೀತೀನಿ."

ಅವಳು ತಿರುಗಿ ನೋಡಿದಳು. "ಇಲ್ಲೇ?" ಎಂದಳು. ಆಮೇಲೆ ನಕ್ಕು, "ನಂದ ತಗದ್ರ ಕೌದಿ ಯಾರ ಹಿಡೀತಾರೋ ತಮ್ಮಾ?" ಎಂದಳು.

ನಾನೂ ನಕ್ಕೆ. ಕಮಲಾಳನ್ನು ಕರೆದಿದ್ದರೆ ಅವಳು ಒಲೆ ಬಿಟ್ಟು ಬಂದು ಹಿಡಿಯುತ್ತಿದ್ದಳು. ಕುಳ್ಳಿನ ಗೋಡೆಯ ಮುಂದೆಯೇ ನಿಲ್ಲಿಸಿ ತೆಗೆದಿದ್ದರೂ ಏನು ಮುಳುಗಿ ಹೋಗುತ್ತಿತ್ತು? ಖರೆ ಹೇಳಬೇಕೆಂದರೆ, ಅವಳು ಒಲ್ಲೆ ಎಂದದ್ದು ನನಗೆ ಹಗುರವೆನಿಸಿತು. ಗಂಡ ಸತ್ತವಳ ಫೋಟೊ ಯಾರಿಗೆ ಬೇಕು, ಯಾವ ಗೋಡೆಗೆ ಹಾಕುವುದು ಎಂಬ ಮಾತು ನನ್ನ ತಲೆಯೊಳಗೂ ಎಲ್ಲೋ ಇದ್ದಿರಬೇಕು. ಮೂಡಲಗಿಯ ಆ ಮುದುಕಿ ಬಾಯಿಬಿಟ್ಟು ಅಂದದ್ದನ್ನು ನಾನು ಕತ್ತರಿಯಿಂದ ಅನ್ನುತ್ತಿದ್ದೆ. ಅವತ್ತಿನ ಫೋಟೊ ಏನೆಂದು ವಹಿಯಲ್ಲಿ ಈಗಲೂ ಇದೆ: 'ಕರು, ಹಗ್ಗ ಕಚ್ಚುತ್ತಿರುವುದು.'

ಅವಳು ಮತ್ತೆಂದೂ ಕೇಳಲಿಲ್ಲ. ಕೌದಿ ಹಿಡಿಯುವುದನ್ನೂ ಬಿಡಲಿಲ್ಲ. ಇನ್ನೂ ಮೂರು ವರ್ಷ ಹಿಡಿದಳು.

ಆ ಮೂರು ವರ್ಷದೊಳಗೆ ನಡೆದ ಒಂದು ಸಣ್ಣ ಸಂಗತಿ ಇದೆ. ತುಕ್ಕಾನಟ್ಟಿಯವರು ಯಾರೋ ಗಂಡ ಹೆಂಡತಿ ಯಾವುದೋ ಕೆಲಸಕ್ಕೆ ನಮ್ಮ ಊರಿಗೆ ಬಂದವರು ಎಂಟು ತಿಂಗಳ ಕೂಸಿನ ಫೋಟೊ ತೆಗೆಸಲು ಮನೆಗೆ ಬಂದರು. ಕೂಸನ್ನು ಮಣೆಯ ಮೇಲೆ ಕೂಡಿಸಿದೆವು. ಕೂಸು ಗಿಡ್ಡ ಆದ್ದರಿಂದ ಅತ್ತಿ ಕಲ್ಲಿನಿಂದ ಇಳಿದು, ಮೊಣಕಾಲೂರಿ ಕೌದಿ ಹಿಡಿದಳು. ನಾನು ಹೊಟ್ಟೆ ನೋಡುತ್ತ ಟಿಕ್ ಅನ್ನಿಸುವ ಹೊತ್ತಿಗೆ ಕೂಸು ಕತ್ತು ತಿರುಗಿಸಿ, ತಲೆ ಹಿಂದಕ್ಕೆ ಚೆಲ್ಲಿ, ಮೇಲೆ ನೋಡಿ ಕೇಕೆ ಹಾಕಿತು. ಅತ್ತಿ ಕೌದಿಯ ಮೇಲಿಂದ ಬಗ್ಗಿ ಅದಕ್ಕೆ ಏನೋ ಮೋರೆ ಮಾಡಿ ತೋರಿಸಿರಬೇಕು.

"ಕೆಡಿಸಿದಿ ನೋಡತ್ತಿ!" ಎಂದು ಗದರಿದೆ.

"ಕೂಸು ನಕ್ಕರ ಫೋಟೊ ಕೆಡ್ತೈತೇನೋ?" ಎಂದಳು ಕೌದಿಯ ಹಿಂದಿನಿಂದ.

ಕೂಸಿನ ಅಪ್ಪ ಇನ್ನೊಂದು ತೆಗೆಯಿರೆಂದು ಬೇಡಿಕೊಂಡ. "ಇವತ್ತಿಂದು ಆತು. ನಾಳೆ ಬರ್ರಿ" ಎಂದೆ. ಅವರು ಅವತ್ತೇ ಊರಿಗೆ ಹೋಗುವವರು. ಮತ್ತೆ ಬರಲಿಲ್ಲ. ಕೆಟ್ಟ ಫೋಟೊವೆಂದು ನಾನು ಅದನ್ನು ಕಾಗದದ ಮೇಲೆ ಮೂಡಿಸಲೂ ಇಲ್ಲ. ಮೂಲವನ್ನು ಮಾತ್ರ, ಗೌಡರ ಫೋಟೊದ ನಂತರ ಬಂದ ಬುದ್ಧಿಯಿಂದ, ಎಸೆಯದೆ, ಉಳಿದವುಗಳ ಜೊತೆ ಬಿಸ್ಕೀಟು ಡಬ್ಬಿಗೆ ಹಾಕಿದೆ.

ಅತ್ತಿ ತೀರಿಕೊಂಡದ್ದು ನಾಲ್ಕು ದಿನದ ಜ್ವರದಲ್ಲಿ, ನಾನು ಸಾಲೆಯಲ್ಲಿದ್ದಾಗ. ನಮ್ಮ ಕಡೆ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡಿಸಿ, ಹೂವು ಹಾಕಿ, ಒಂದು ಫೋಟೊ ತೆಗೆಸುವುದುಂಟು. ಅಂಥವನ್ನು ನಾನೇ ಊರಲ್ಲಿ ಹಲವು ತೆಗೆದಿದ್ದೆ. ಅಪ್ಪ ಕಟ್ಟೆಯ ಮೇಲೆ ಕೂತು, "ಊರ ಮಂದೀದೆಲ್ಲಾ ತಗದಿ. ನಮ್ಮಕ್ಕಂದು ಒಂದೂ ಇಲ್ಲೇನೋ? ಈಗರೇ ಒಂದ ತಗಿ" ಎಂದ. ಕ್ಯಾಮೆರಾ ತಂದೆ. ಅವತ್ತಿನದು ಇನ್ನೂ ತೆಗೆದಿರಲಿಲ್ಲ, ನೇಮಕ್ಕೂ ಅಡ್ಡಿಯಿರಲಿಲ್ಲ. ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದೆ. ಅತ್ತಿ ಕಣ್ಣು ಮುಚ್ಚಿ ಕೂತಿದ್ದಳು. ಅಲುಗಲಿಲ್ಲ. ಆತೇನೋ ಎಂದು ಕೇಳಲಿಲ್ಲ. ಬದುಕಿದ್ದಾಗ ನಾಳೆ ಎಂದವನು ಸತ್ತ ಮೇಲೆ ಇವತ್ತು ಎನ್ನಲು ಯಾವ ಬಾಯಿ? ನನ್ನಿಂದ ಆಗಲಿಲ್ಲ. ಕ್ಯಾಮೆರಾ ಕೆಳಗಿಟ್ಟು ಒಳಗೆ ಹೋಗಿ, ಮಡಚಿಟ್ಟ ಕೌದಿಯಲ್ಲಿ ಮೋರೆ ಹುದುಗಿಸಿ ಅತ್ತೆ. ವಹಿಯಲ್ಲಿ ಆ ತಾರೀಖಿನ ಮುಂದೆ ಏನೂ ಬರೆದಿಲ್ಲ. ಅದರ ಮುಂದಿನ ಪುಟಗಳೂ ಖಾಲಿ.

ಕಾರ್ಯದ ದಿನ ಫೋಟೊ ಇಟ್ಟು ಪೂಜೆ ಮಾಡಬೇಕು. ಬಿಸ್ಕೀಟು ಡಬ್ಬಿ ಹಿಡಿದು ಗೋಕಾಕಿನ ಸ್ಟುಡಿಯೊಕ್ಕೆ ಹೋದೆ. ನನ್ನ ರೀಲುಗಳನ್ನೆಲ್ಲ ತೊಳೆದುಕೊಡುತ್ತಿದ್ದ ಹುಸೇನಭಾಯಿ ಒಂದೊಂದೇ ಮೂಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದರಾಗ ನಿಮ್ಮ ಅತ್ತಿ ಎಲ್ಲಿ ಅದಾರ್ರಿ ಮಾಸ್ತರ?"

"ಮ್ಯಾಲಿನ ಅಂಚಿನ್ಯಾಗ ನೋಡ್ರಿ."

ಅವನು ನೋಡಿದ. ಮುಂದಿನದನ್ನು ನೋಡಿದ. ಅದರ ಮುಂದಿನದನ್ನೂ ನೋಡಿದ. "ಎಲ್ಲಾದ್ರಾಗೂ ಬರೇ ಬೆರಳ ಅದಾವಲ್ರಿ" ಎಂದ. ಹುಡುಕುತ್ತ ಹುಡುಕುತ್ತ ತುಕ್ಕಾನಟ್ಟಿಯ ಕೂಸು ಸಿಕ್ಕಿತು. ಅದರಲ್ಲಿ ಮಾತ್ರ, ಅವಳು ಕೆಳಗೆ ಹಿಡಿದಿದ್ದರಿಂದ, ಎರಡೂ ಕೈ ಮಣಿಕಟ್ಟಿನವರೆಗೆ ನಿಚ್ಚಳವಾಗಿದ್ದವು. ಉಬ್ಬಿದ ನರ, ಸಗಣಿ ತಟ್ಟಿ ತಟ್ಟಿ ಒರಟಾದ ಬೆರಳ ಗೆಣ್ಣು, ಬಳೆಯಿಲ್ಲದ ಮಣಿಕಟ್ಟು. ಅವಳು ಕೂಸಿನ ಮೇಲೆ ಬಗ್ಗಿದ ಮುಖ ಅಂಚಿನಿಂದ ಸ್ವಲ್ಪವೇ ಮೇಲೆ, ಫೋಟೊದ ಆಚೆ ಉಳಿದಿತ್ತು. "ದೊಡ್ಡದ ಮಾಡಿ ಕೊಡ್ರಿ. ಒಂದು ಕಡೀನೂ ಕತ್ತರಿಸಬ್ಯಾಡ್ರಿ" ಎಂದೆ.

ಪೂಜೆಯ ದಿನ ಬೀಗರೊಬ್ಬರು ಸರಿಯಾಗಿ ನೋಡದೆ ಅದಕ್ಕೆ ಹೂವಿನ ಹಾರ ಹಾಕಿಬಿಟ್ಟರು. ಕಮಲಾ ಓಡಿ ಬಂದು ತೆಗೆದಳು. "ಅಯ್ಯ, ಆ ಕೂಸು ಎಲ್ಲೋ ಆಡಾಕತ್ತಿರತೈತಿ. ಜೀವಂತ ಕೂಸಿಗೆ ಹಾರ ಹಾಕ್ತಾರೇನ್ರಿ?" ಅದೂ ಸರಿಯೇ. ಅಂದಿನಿಂದ ನಾವು ಆ ಫೋಟೊಕ್ಕೆ ಹಾರ ಹಾಕುವುದಿಲ್ಲ. ಚೌಕಟ್ಟಿನ ಮೇಲೆ, ಕೈಗಳಿರುವ ಕಡೆ, ಒಂದು ಹೂವು ಸಿಗಿಸುತ್ತೇವೆ.

ಇವತ್ತಿಗೂ ಅದು ನಮ್ಮ ಪಡಸಾಲೆಯಲ್ಲಿದೆ. ಬಂದವರು ಚಹಾ ಕುಡಿಯುತ್ತ ಅದರ ಕಡೆ ನೋಡುತ್ತಾರೆ. ಆ ಕೂಸು ಕತ್ತು ಹೊರಳಿಸಿ, ಬಾಯಿ ತೆರೆದು, ನಾನು ಒಂದು ಸಲವೂ ತೆಗೆಯದ ಆ ಮುಖವನ್ನು ನೋಡಿ ನಗುತ್ತಲೇ ಇದೆ.

"ಯಾರ ಕೂಸ್ರಿ ಮಾಸ್ತರ ಇದು?" ಎಂದು ಕೇಳುತ್ತಾರೆ.

"ಕೂಸು ಯಾರದೋ ಗೊತ್ತಿಲ್ರಿ" ಎನ್ನುತ್ತೇನೆ. "ಫೋಟೊ ನಮ್ಮ ಅತ್ತಿದು."